ಚಾಳೀಸು ಬಂದ ಮೇಲಿನ ಕಲಮು: ಬೀದರ ಸೀಮೆಯ ಅರ್ಜಿನವೀಸರು

ಬೀದರ, ಭಾಲ್ಕಿ, ಔರಾದಗಳ ಕಚೇರಿಗಳೆದುರು ಕುಳಿತು, ಓದುಬರಹ ಬಾರದವರ ಅರ್ಜಿ, ಖರೀದಿಪತ್ರ, ವಾಟ್ನಿಪತ್ರ (ಪಾಲುಪತ್ರ)ಗಳನ್ನು ಬರೆದುಕೊಡುವವರಿಗೆ ನಿಜಾಮರ ಆಡಳಿತದಲ್ಲಿ ಅರ್ಜಿನವೀಸ್ ಎಂಬ ಹೆಸರಿತ್ತು. ಈಗ ಅವರು ಪತ್ರಬರಹಗಾರರು. ಜನರ ಬಾಯಲ್ಲಿ ಬಾಂಡ್ ರೈಟರ್. ಕಚೇರಿಯ ನೆರಳಲ್ಲೇ ದಿನ ಕಳೆದರೂ ಇವರು ಕಚೇರಿಯ ನೌಕರರಲ್ಲ. ಸಂಬಳ, ರಜೆ, ಪಿಂಚಣಿ ಯಾವುದೂ ಇಲ್ಲ, ಬರೆದಷ್ಟಕ್ಕೆ ಕೂಲಿ. ಹೀಗಾಗಿ ಈ ಕಸುಬಿನ ಇತಿಹಾಸದಲ್ಲಿ ರಾಜರು ಬದಲಾದದ್ದರ ಜೊತೆಗೆ ಕಣ್ಣು, ಬೆರಳು, ಸೊಂಟಗಳ ಸಂಗತಿಯೂ ಬರುತ್ತದೆ.

ಕಾಗದದ ಮಹಿಮೆ ಬೀದರಕ್ಕೆ ಹೊಸದಲ್ಲ. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗಾವಾನ್ ಪತ್ರಲೇಖನ ಕಲೆಯ ಮೇಲೆ ‘ಮನಾಜಿರ್-ಉಲ್-ಇನ್ಶಾ’ ಎಂಬ ಗ್ರಂಥವನ್ನೇ ಬರೆದಿದ್ದ. ಅವನ ಜೀವ ಹೋದದ್ದೂ ಒಂದು ಪತ್ರದಿಂದ. ಅವನ ಮುದ್ರೆ ಬಿದ್ದ ಖಾಲಿ ಹಾಳೆಯ ಮೇಲೆ ವೈರಿಗಳು ಒಡಿಶಾದ ಅರಸನಿಗೆ ದ್ರೋಹದ ಓಲೆ ಬರೆಸಿದರೆಂದು ಇತಿಹಾಸಕಾರ ಫರಿಷ್ತಾ ಹೇಳುತ್ತಾನೆ. 1481ರಲ್ಲಿ, ಎಪ್ಪತ್ತರ ಆಸುಪಾಸಿನಲ್ಲಿ, ಆ ವಿದ್ವಾಂಸನ ತಲೆ ಹೋಯಿತು. ದಸ್ತಾವೇಜಿನಲ್ಲಿ ಖಾಲಿ ಜಾಗ ಬಿಡಬಾರದೆಂಬುದು ಇಂದಿಗೂ ಕಸುಬಿನ ಮೊದಲ ಪಾಠ. ಉರ್ದು ಪತ್ರಗಳಲ್ಲಿ ಮೊತ್ತದ ಬೆನ್ನಿಗೇ ಅದರ ‘ನಿಸ್ಫ್’, ಅಂದರೆ ಅರ್ಧವನ್ನೂ ಬರೆಯುವ ರೂಢಿಯಿತ್ತು: ನಾನೂರು ರೂಪಾಯಿ, ಅದರ ಅರ್ಧ ಇನ್ನೂರು. ಒಂದನ್ನು ತಿದ್ದಿದವನು ಇನ್ನೊಂದರಲ್ಲಿ ಸಿಕ್ಕಿಬೀಳುತ್ತಿದ್ದ.

ಹೈದರಾಬಾದ್ ಸಂಸ್ಥಾನದ ಕಚೇರಿ ಭಾಷೆ 1880ರ ದಶಕದಲ್ಲಿ ಫಾರ್ಸಿಯಿಂದ ಉರ್ದುವಿಗೆ ಹೊರಳಿತು. ಮರಾಠಿ ಬಳಕೆ ಹೆಚ್ಚಿದ್ದ ಔರಾದ, ಭಾಲ್ಕಿ ಕಡೆ ಮೋಡಿ ಲಿಪಿಯ ಲೆಕ್ಕಪತ್ರಗಳೂ ಇದ್ದವು. ಮನೆಮಾತು ಕನ್ನಡವಾಗಿದ್ದ ರೈತನ ಅಳಲು ಉರ್ದುವಿನ ಅರ್ಜಿಯಾಗಬೇಕಿತ್ತು. ಆದ್ದರಿಂದ ಬರೆಯುವವನು ದುಭಾಷಿಯೂ ಹೌದು, ಲೆಕ್ಕಿಗನೂ ಹೌದು. ಸಂಸ್ಥಾನದ ಏಳು ಹಾಲಿ ಸಿಕ್ಕಾ ರೂಪಾಯಿಗೆ ಬ್ರಿಟಿಷರ ಆರು ಕಲ್ದಾರ್ ರೂಪಾಯಿ. ಪತ್ರದಲ್ಲಿ ಯಾವ ನಾಣ್ಯವೆಂದು ನಮೂದಿಸದಿದ್ದರೆ ಜಗಳ ಖಾತ್ರಿ. ಅಕ್ಟೋಬರದಲ್ಲಿ ಆರಂಭವಾಗುತ್ತಿದ್ದ ಫಸಲಿ ಎಂಬ ಕಂದಾಯ ವರ್ಷವನ್ನು ಇಸವಿಗೆ ತರಲು ವರ್ಷದ ಮೊದಲ ತಿಂಗಳುಗಳಲ್ಲಿ 590, ಜನವರಿಯಿಂದಾಚೆ 591 ಕೂಡಿಸಬೇಕು.

ಕೂರುವುದು ನೆಲದ ಮೇಲೆ. ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆಯೇ ಮೇಜು. ಹೀಗೆ ದಿನವಿಡೀ ಬಗ್ಗಿ ಕೂತವರ ಪಾಡನ್ನು ಇಟಲಿಯ ವೈದ್ಯ ರಾಮಾಜ್ಜಿನಿ 1713ರಷ್ಟು ಹಿಂದೆಯೇ ಬರೆದಿಟ್ಟಿದ್ದಾನೆ. ಬರಹಗಾರರ ಕಾಯಿಲೆಗೆ ಅವನು ಕೊಟ್ಟ ಕಾರಣ ಮೂರು: ಸದಾ ಕೂತಿರುವುದು, ಕೈಯನ್ನು ಒಂದೇ ರೀತಿ ಆಡಿಸುತ್ತಿರುವುದು, ತಪ್ಪಾಗದಂತೆ ಮನಸ್ಸನ್ನು ಬಿಗಿಹಿಡಿಯುವುದು. ಬೀದರ ಸೀಮೆಯವರಿಗೆ ಇವುಗಳ ಜೊತೆ ಚಾಳೀಸಿನ ಕಾಟ. ನಲವತ್ತರ ಸುಮಾರಿಗೆ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ. ಹಿಂದಿ, ಉರ್ದುಗಳಲ್ಲಿ ನಲವತ್ತು ಎಂಬರ್ಥದ ‘ಚಾಲೀಸ್’ ಪದವೇ ಕನ್ನಡದಲ್ಲಿ ಈ ತೊಂದರೆಗೂ ಅದರ ಕನ್ನಡಕಕ್ಕೂ ಹೆಸರಾಯಿತು. ಇಂಥ ಕಣ್ಣಿಗೆ ಉರ್ದುವಿನ ಚುಕ್ಕಿಗಳೇ ಸವಾಲು: ಪದದ ನಡುವೆ ಬಂದ ಒಂದೇ ಹಲ್ಲಿಗೆ ಚುಕ್ಕಿ ಕೆಳಗಿದ್ದರೆ ಬ, ಮೇಲಿದ್ದರೆ ನ, ಮೇಲೆ ಎರಡಿದ್ದರೆ ತ. ಅವಸರದ ಶಿಕಸ್ತಾ ಬರಹದಲ್ಲಿ ಎಷ್ಟೋ ಸಲ ಚುಕ್ಕಿಗಳೇ ಮಾಯ. ಮುಂದೆ ಬಾಲ್‌ಪೆನ್ನು, ಕಾರ್ಬನ್ ಕಾಗದಗಳು ಬಂದಾಗ ಮೂರನೆಯ ಪ್ರತಿಗೂ ಅಕ್ಷರ ಮೂಡುವಂತೆ ಒತ್ತಿ ಬರೆಯಬೇಕಾಯಿತು. ಹೆಬ್ಬೆರಳ ಬುಡದ ನೋವು ಅದರ ಬಳುವಳಿ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತ ಒಕ್ಕೂಟಕ್ಕೆ ಸೇರಿತು. 1956ರ ನವೆಂಬರ್ 1ರಂದು ಜಿಲ್ಲೆಯ ಉದಗೀರ, ನಿಲಂಗಾ, ಅಹಮದ್‌ಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋಗಿ, ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದವು. 1930ರಲ್ಲಿ, ಇಪ್ಪತ್ತರ ಹರೆಯದಲ್ಲಿ ಉರ್ದು ಕಲಮು ಹಿಡಿದವನಿಗೆ ಆಗ ನಲವತ್ತಾರು. ಕಚೇರಿಗೆ ಕನ್ನಡ ಬರುತ್ತಿದ್ದಂತೆ, ಬಲದಿಂದ ಎಡಕ್ಕೆ ಪಳಗಿದ ಕೈ ಎಡದಿಂದ ಬಲಕ್ಕೆ ತಿರುಗಬೇಕಾಯಿತು, ಅದೂ ಚಾಳೀಸು ಬಂದ ಮೇಲೆ. ಕಿರಿಯರಿಗೆ ಇದು ಅಷ್ಟು ಕಷ್ಟವಾಗಲಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲೇ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ್ದರು. ಕನ್ನಡ ಕಚೇರಿಗೆ ಬರುವ ಮೊದಲೇ ಅದನ್ನು ಬರೆಯಬಲ್ಲ ಮಕ್ಕಳು ಹೀಗೆ ತಯಾರಾಗಿದ್ದರು.

ರಾಜ್ಯದ 1979ರ ನಿಯಮಗಳು ಪತ್ರಬರಹಗಾರರಿಗೆ ಪರವಾನಗಿ ವಿಧಿಸಿದವು. 2001ರ ಹೊತ್ತಿಗೆ ‘ಭೂಮಿ’ ಯೋಜನೆಯಿಂದ ಕೈಬರಹದ ಪಹಣಿ ಹಿಂದೆ ಸರಿಯಿತು. 2003ರಲ್ಲಿ ‘ಕಾವೇರಿ’ ತಂತ್ರಾಂಶ ನೋಂದಣಿಯನ್ನು ಕಂಪ್ಯೂಟರಿಗೆ ಒಯ್ದಿತು. 1975ರಲ್ಲಿ ಇಪ್ಪತ್ತೈದರ ಪ್ರಾಯದಲ್ಲಿ ಕೂತವನು ಆಗ ಐವತ್ತಮೂರು ಮುಟ್ಟಿದ್ದ. ಬದಲಾವಣೆ ಈ ಸಲವೂ ಮುಪ್ಪಿನ ಹೊಸ್ತಿಲಲ್ಲೇ ಎದುರಾಯಿತು. ನೋವು ಹೆಬ್ಬೆರಳಿನಿಂದ ಕತ್ತಿಗೂ ಮಣಿಕಟ್ಟಿಗೂ ಏರಿತು, ಅಷ್ಟೆ.

ದುಡಿಮೆ ನಿಂತ ಮೇಲಿನ ಆಸರೆ ತೀರ ತೆಳು. 2007ರ ಸಂಧ್ಯಾ ಸುರಕ್ಷಾ ಯೋಜನೆ ಅರವತ್ತೈದು ದಾಟಿದ ಬಡವರಿಗೆ ಮಾಸಾಶನ ಕೊಡುತ್ತದೆ. ಊರವರಿಗೆ ಅದರ ಅರ್ಜಿ ಬರೆದುಕೊಡುವುದೂ ಈ ಕಸುಬಿನ ಕೆಲಸವೇ. 2015ರ ಅಟಲ್ ಪಿಂಚಣಿ ಯೋಜನೆಗೆ ಸೇರಲು ವಯಸ್ಸಿನ ಮಿತಿ ನಲವತ್ತು: ಚಾಳೀಸು ಬರುವ ಹೊತ್ತಿಗೆ ಆ ಬಾಗಿಲು ಮುಚ್ಚುತ್ತದೆ.

ಹಿರಿಯರಿಗೆ ಉಳಿದ ಒಂದು ಆದಾಯವೆಂದರೆ ಹಳೆಯ ಕಾಗದ. ಜಮೀನಿನ ತಕರಾರು ಅಜ್ಜನ ಕಾಲಕ್ಕೆ ಹೋದಾಗ ಉರ್ದು ಖರೀದಿಪತ್ರವೋ ಮೋಡಿಯ ಚೀಟಿಯೋ ಹೊರಬರುತ್ತದೆ. ಅದನ್ನು ಓದಬಲ್ಲವರು ಕಡಿಮೆ. ಓದಬಲ್ಲ ಮುದುಕ ಸಿಕ್ಕರೆ ಅವನು ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ಹೇಳುತ್ತ ಹೋಗುತ್ತಾನೆ, ಪಕ್ಕದ ಹುಡುಗ ಕನ್ನಡದಲ್ಲಿ ಟೈಪಿಸುತ್ತಾನೆ; ಫಸಲಿ ವರ್ಷ ಬಂದಲ್ಲಿ ಇಬ್ಬರೂ ತಡೆದು ಕೂಡಿಸುತ್ತಾರೆ.