ಕಾಫಿ ಎಲೆ ತುಕ್ಕು ಶಿಲೀಂಧ್ರದ ಆಶ್ರಯ ನಿಷ್ಠೆ

ಕಾಫಿ ಎಲೆಯ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿಯಾಗಿ ಕಾಣಿಸಿಕೊಂಡು ಎಲೆ ಉದುರಿಸುವ ತುಕ್ಕು ರೋಗಕ್ಕೆ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರ ಕಾರಣ. ಜೀವಂತ ಕಾಫಿ ಎಲೆಯಲ್ಲದೆ ಇದಕ್ಕೆ ಬೇರೆ ನೆಲೆ ಕಂಡುಬಂದಿಲ್ಲ. ಕಾಫಿಯಲ್ಲೂ ಎಲ್ಲ ತಳಿಗಳನ್ನು ಇದು ಒಂದೇ ಸಮ ಹಿಡಿಯುವುದಿಲ್ಲ. ಹೀಗೆ ಆಯ್ದ ಆಶ್ರಯಕ್ಕೆ ಅಂಟಿಕೊಳ್ಳುವ ಗುಣ ಇತರ ತುಕ್ಕುಗಳಲ್ಲೂ ಇದೆ. ಉತ್ತರ ಅಮೆರಿಕದ ಪೈನ್ ಕಾಡುಗಳನ್ನು ಹಾಳುಗೆಡವಿದ ಬೊಕ್ಕೆ ತುಕ್ಕು, ಪೈನ್‌ಗಳಲ್ಲಿ ಐದೈದು ಸೂಜಿಯೆಲೆಗಳ ಗೊಂಚಲಿರುವ ಮರಗಳನ್ನಷ್ಟೇ ಕಾಡುತ್ತದೆ. ಗೋಧಿ ಮತ್ತು ಓಟ್ಸ್‌ನ ಕಾಂಡದ ತುಕ್ಕು ಒಂದೇ ಪ್ರಭೇದವಾದರೂ ಬೇರೆ ಬೇರೆ ರೂಪಗಳೆಂದು ಸ್ವೀಡನ್ನಿನ ಯಾಕೋಬ್ ಎರಿಕ್ಸನ್ 1894ರಲ್ಲಿ ತೋರಿಸಿದ್ದರು.

ಸಿಲೋನಿನಿಂದ ಬಂದ ಕಾಫಿ ಎಲೆಗಳನ್ನು ಪರೀಕ್ಷಿಸಿ ಶಿಲೀಂಧ್ರತಜ್ಞರಾದ ಬರ್ಕ್ಲಿ ಮತ್ತು ಬ್ರೂಮ್ 1869ರಲ್ಲಿ ಕಾಫಿ ತುಕ್ಕಿನ ಶಿಲೀಂಧ್ರಕ್ಕೆ ಹೆಸರಿಟ್ಟರು. ಆ ದ್ವೀಪದ ಕಾಫಿ ಕೃಷಿ ಮುಂದಿನ ಎರಡು ದಶಕಗಳಲ್ಲಿ ನೆಲಕಚ್ಚಿ, ಚಹಾ ಅದರ ಜಾಗ ಹಿಡಿಯಿತು. ಮೈಸೂರು ಸೀಮೆಗೂ ರೋಗ ಬೇಗನೆ ತಲುಪಿತು. ಇಲ್ಲಿನ ಹಳೆಯ ‘ಚಿಕ್’ ತಳಿ ಕಾಂಡಕೊರಕ ಮತ್ತು ತುಕ್ಕಿನಿಂದ ಸೊರಗಿದಾಗ ಬೆಳೆಗಾರರು ‘ಕೂರ್ಗ್’ ತಳಿಗೆ ತಿರುಗಿದರು. ಅದಕ್ಕೂ ತುಕ್ಕು ಹತ್ತಿತು. 1911ರ ಸುಮಾರಿಗೆ ಕೆಂಟ್ ಎಂಬ ತೋಟಗಾರ ರೋಗ ತಾಳುವ ಗಿಡವೊಂದನ್ನು ಆಯ್ದು ಬೆಳೆಸಿದ. ‘ಕೆಂಟ್ಸ್’ ಮಲೆನಾಡಿನಲ್ಲೆಲ್ಲ ಹರಡಿತು. ಆದರೆ ಕೆಲವೇ ವರ್ಷಗಳಲ್ಲಿ ಅದರ ಎಲೆಯಡಿಯಲ್ಲೂ ಕಿತ್ತಳೆ ಪುಡಿ ಕಾಣಿಸಿತು.

ಗಿಡ ಕೆಟ್ಟಿತೇ, ರೋಗಾಣು ಬದಲಾಯಿತೇ? ಇದಕ್ಕೆ ಉತ್ತರ ಸಿಕ್ಕಿದ್ದು ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ. 1925ರಲ್ಲಿ ಅಲ್ಲಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರದಲ್ಲಿ ಡಬ್ಲ್ಯೂ. ವಿಲ್ಸನ್ ಮೇಯ್ನ್ ಬೇರೆ ಬೇರೆ ತಳಿಗಳ ಮೇಲೆ ತುಕ್ಕಿನ ಬೀಜಕಗಳನ್ನು ಹಚ್ಚಿ ನೋಡಿದರು. ಒಂದು ಬಗೆಯ ತುಕ್ಕು ಕೂರ್ಗ್ ಗಿಡವನ್ನು ಹಿಡಿದು ಕೆಂಟ್ಸ್ ಮುಂದೆ ಸೋತಿತು, ಇನ್ನೊಂದು ಎರಡನ್ನೂ ಹಿಡಿಯಿತು. ಗಿಡ ಹಾಗೆಯೇ ಇತ್ತು. ಅದನ್ನು ಭೇದಿಸಬಲ್ಲ ರೋಗಾಣುವಿನ ಪಂಗಡ ಹೆಚ್ಚಿಕೊಂಡಿತ್ತು. 1932ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಶೋಧ ಕಾಫಿ ತುಕ್ಕಿನ ಪಂಗಡಗಳ ಬಗ್ಗೆ ಜಗತ್ತಿಗೆ ಸಿಕ್ಕ ಮೊದಲ ತಿಳಿವು. ಕರ್ನಾಟಕದ ಕೃಷಿ ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ.

ತಳಿ ಸಂವರ್ಧನೆಯ ದಾರಿಯೇ ಅಲ್ಲಿಂದ ಬದಲಾಯಿತು. ಲೈಬೀರಿಕಾ ಕಾಫಿಯ ನಿರೋಧ ಗುಣ ಪಡೆದಿದ್ದ ಎಸ್.288ನ್ನು ಕೆಂಟ್ಸ್ ಜೊತೆ ಸಂಕರಿಸಿ ಬಾಳೆಹೊನ್ನೂರಿನವರು 1940ರ ದಶಕದಲ್ಲಿ ಕೊಟ್ಟ ಎಸ್.795 ಇಂದಿಗೂ ಭಾರತದ ಅರೇಬಿಕಾ ತೋಟಗಳ ಮುಖ್ಯ ತಳಿಗಳಲ್ಲೊಂದು. ರುಚಿಯಿಂದಲೂ ಅದು ಹೆಸರು ಗಳಿಸಿದೆ. ಆದರೆ ಅದರ ನಿರೋಧವನ್ನು ಮುರಿಯುವ ಪಂಗಡಗಳೂ ಹುಟ್ಟಿಕೊಂಡವು. ಆಮೇಲೆ ಬಂದ ‘ಕಾವೇರಿ’ಯ ಪಾಡೂ ಅದೇ ಆಯಿತು. ಪೋರ್ಚುಗಲ್ಲಿನ ಓಯರಾಸ್‌ನಲ್ಲಿ 1955ರಲ್ಲಿ ಸ್ಥಾಪನೆಯಾದ ಕಾಫಿ ತುಕ್ಕು ಸಂಶೋಧನಾ ಕೇಂದ್ರ ಈವರೆಗೆ ಐವತ್ತಕ್ಕೂ ಹೆಚ್ಚು ಪಂಗಡಗಳನ್ನು ಗುರುತಿಸಿದೆ.

ಒಂದೇ ತಳಿಯನ್ನು ನಂಬಿ ಇಡೀ ಗುಡ್ಡ ನೆಡುವುದು ಅಪಾಯವೆಂಬುದಕ್ಕೆ ಚಿಕ್‌ನಿಂದ ಕಾವೇರಿಯವರೆಗಿನ ಈ ಸಾಲೇ ಸಾಕ್ಷಿ. ತುಕ್ಕು ತಡೆಯಲು ಅರೇಬಿಕಾ ಬೆಳೆಗಾರರು ಮಳೆಗಾಲದ ಮೊದಲೂ ನಂತರವೂ ಶೇ. 0.5ರ ಬೋರ್ಡೋ ದ್ರಾವಣವನ್ನು ಎಲೆಯ ಅಡಿಭಾಗ ನೆನೆಯುವಂತೆ ಸಿಂಪಡಿಸುತ್ತಾರೆ.