ತಂತಿಯ ಹೆಸರು, ತಂತಿಯ ಸ್ವರ: ಗಿಟಾರನ್ನು ಕುರಿತು ಒಂದು ವಿಚಾರ

ಗಿಟಾರ್ ಕಲಿಯಲೆಂದು ಬಂದ ಹೊಸಬನಿಗೆ ‘ಮೇಲಿನ ತಂತಿಯನ್ನು ಮೀಟು’ ಎಂದು ಹೇಳಿ ನೋಡಿದಲ್ಲಿ, ಅವನ ಹೆಬ್ಬೆರಳು ತನ್ನ ಗಲ್ಲದ ಕಡೆಗಿರುವ ದಪ್ಪ ತಂತಿಯತ್ತ ಹೋಗುವುದು. ಹೇಳಿದವರ ಮನಸ್ಸಿನಲ್ಲಿದ್ದುದಾದರೋ ಬಹುಮಟ್ಟಿಗೆ ನೆಲದ ಕಡೆಗಿರುವ ಸಣ್ಣ ತಂತಿ, ಏಕೆಂದರೆ ನಾದದ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲಿರುವುದು ಅದು. ಕೈಗೆ ಮೇಲಾದುದು ಕಿವಿಗೆ ಕೆಳಗಿನದು. ಕಿವಿಗೆ ಮೇಲಾದುದು ಕೈಗೆ ಕೆಳಗಿನದು. ತಂತಿಗಳ ಹೆಸರನ್ನು ಇಡುವಾಗ ಕೈಯ ಮಾತು ಎಷ್ಟು ನಡೆಯಿತು, ಸ್ವರವನ್ನು ಗೊತ್ತುಮಾಡುವಾಗ ಕಿವಿಯ ಮಾತು ಎಷ್ಟು ನಡೆಯಿತು, ಈ ಇಬ್ಬರು ದಾಯಾದಿಗಳ ವ್ಯಾಜ್ಯ ಗಿಟಾರಿನ ಆರು ತಂತಿಗಳಲ್ಲಿ ಎಲ್ಲಿ ಬಂದು ನಿಂತಿದೆ ಎಂಬುದೇ ಪ್ರಕೃತ ಲೇಖನದ ವಿಚಾರ.

ವ್ಯಾಜ್ಯ ಬಹು ಪ್ರಾಚೀನವಾದುದು. ಗ್ರೀಕರ ಲೈರ್ ವಾದ್ಯದಲ್ಲಿ ಅತ್ಯಂತ ಮಂದ್ರವಾದ ತಂತಿಗೆ ‘ಹ್ಯುಪಾತೆ’ ಎಂದು ಹೆಸರು. ಆ ಶಬ್ದಕ್ಕೆ ‘ಅತ್ಯುನ್ನತವಾದುದು’ ಎಂದರ್ಥ. ಅತ್ಯಂತ ತಾರವಾದ ತಂತಿಗೆ ‘ನೇತೆ’, ಎಂದರೆ ‘ಎಲ್ಲಕ್ಕಿಂತ ಕೆಳಗಿನದು’. ವಾದ್ಯವನ್ನು ಹಿಡಿಯುವ ಭಂಗಿಯಿಂದಲೇ ಈ ಹೆಸರುಗಳು ಬಂದವೆಂಬುದು ವಿದ್ವಾಂಸರು ಸಾಮಾನ್ಯವಾಗಿ ಕೊಡುವ ಸಮಾಧಾನ. ಮತ್ತೊಂದು ತಂತಿಗೆ ‘ಲಿಖಾನೋಸ್’, ಅಂದರೆ ತೋರುಬೆರಳು, ಎಂದು ಹೆಸರಿಟ್ಟಿರುವುದನ್ನು ಕಂಡಾಗ ಈ ಸಮಾಧಾನ ಇನ್ನಷ್ಟು ಗಟ್ಟಿಯಾಗುತ್ತದೆ. ಅರಬರ ಊದ್ ವಾದ್ಯದಲ್ಲಿಯೂ ಇದೇ ಕಥೆ. 9ನೆಯ ಶತಮಾನದ ಅಲ್-ಕಿಂದಿ ಮೊದಲಾದವರು ಹೆಸರಿಸುವ ನಾಲ್ಕು ತಂತಿಗಳೆಂದರೆ ಜೀರ್, ಮಸ್ನಾ, ಮಸ್ಲಸ್, ಬಮ್. ಇವುಗಳಲ್ಲಿ ಮೊದಲನೆಯದೂ ಕೊನೆಯದೂ ಪಾರಸಿ ಶಬ್ದಗಳು, ನಡುವಣ ಎರಡು ಅರಬ್ಬಿಯವು. ಪಾರಸಿಯಲ್ಲಿ ‘ಜೀರ್’ ಎಂದರೆ ‘ಕೆಳಗೆ’, ಆದರೂ ಅದು ಅತ್ಯಂತ ತಾರವಾದ ತಂತಿಯ ಹೆಸರು. ಮಸ್ನಾ ಎಂಬುದು ಎರಡನೆಯದನ್ನೂ ಮಸ್ಲಸ್ ಎಂಬುದು ಮೂರನೆಯದನ್ನೂ ಸೂಚಿಸುವುದರಿಂದ, ಅವರು ಎಣಿಕೆಯನ್ನು ಸಣ್ಣ ತಂತಿಯಿಂದಲೇ ಮೊದಲುಮಾಡುತ್ತಿದ್ದರೆಂಬುದು ಸ್ಪಷ್ಟ.

ಗಿಟಾರಿನ ಎಣಿಕೆಯೂ ಹೀಗೆಯೇ. ಸ್ಪೇನಿನವರು ಸಣ್ಣ ತಂತಿಯನ್ನು ‘ಪ್ರಿಮಾ’ ಎಂದು ಕರೆದು, ಅಲ್ಲಿಂದ ಎರಡನೆಯದು, ಮೂರನೆಯದು ಎಂದು ದಪ್ಪ ತಂತಿಯವರೆಗೆ ಲೆಕ್ಕಹಾಕುವರು. ದಪ್ಪ ತಂತಿಗಳಿಗೆ ‘ಬೊರ್ದೋನ್’ ಎಂಬ ಹೆಸರೂ ಉಂಟು. ದಪ್ಪದಿಂದ ಏಕೆ ಎಣಿಸಲಿಲ್ಲವೆಂಬ ಪ್ರಶ್ನೆಗೆ ವಾದ್ಯದ ಚರಿತ್ರೆಯೇ ಉತ್ತರ ಕೊಡುತ್ತದೆಂದು ನನ್ನ ಭಾವನೆ. 1546ರಲ್ಲಿ ಸೆವಿಲ್ಲೆಯಲ್ಲಿ ಅಚ್ಚಾದ, ಮುದಾರಾ ಎಂಬ ಸಂಗೀತಗಾರನ ಗ್ರಂಥದಲ್ಲಿ ಬರುವ ಗಿಟಾರಿಗೆ ನಾಲ್ಕೇ ಶ್ರೇಣಿ (ಒಟ್ಟಿಗೇ ಮೀಟುವ, ಹೆಚ್ಚಾಗಿ ಜೋಡಿಯಾಗಿರುವ ತಂತಿಗಳಿಗೆ ಶ್ರೇಣಿಯೆಂದು ಹೆಸರು). 1596ರದೆಂದು ಹೇಳಲಾಗುವ ಅಮಾತ್ ಎಂಬ ವೈದ್ಯನ ಕೈಪಿಡಿಯಲ್ಲಿಯೂ 1674ರ ಗಾಸ್ಪಾರ್ ಸಾಂಜ್‌ನ ಗ್ರಂಥದಲ್ಲಿಯೂ ಕಾಣುವುದು ಐದು ಶ್ರೇಣಿಯ ವಾದ್ಯ. ಆರು ಒಂಟಿ ತಂತಿಗಳ ಇಂದಿನ ರೂಪ ನೆಲೆಗೊಂಡದ್ದು 18ನೆಯ ಶತಮಾನದ ಕೊನೆಯಿಂದೀಚೆಗೆ. ಹೊಸ ತಂತಿಗಳು ಸೇರಿದುದು ಮಂದ್ರದ ಕಡೆಗೆ. ಆದುದರಿಂದ ಸಣ್ಣ ತಂತಿಯಿಂದ ಎಣಿಸುವವರಿಗೆ ಹಳೆಯ ತಂತಿಗಳ ಹೆಸರನ್ನು ಎಂದಿಗೂ ಬದಲಿಸಬೇಕಾಗಲಿಲ್ಲ. ಮನೆಗೆ ಹಿಂದುಗಡೆ ಕೋಣೆ ಕಟ್ಟಿದರೆ ತಲೆಬಾಗಿಲು ಇದ್ದಲ್ಲಿಯೇ ಇರುವುದಷ್ಟೆ. ಇಂದಿನ ಗಿಟಾರಿನ ಮೊದಲ ನಾಲ್ಕು ತಂತಿಗಳ ಅಂತರಗಳನ್ನು ಅಳೆದು ನೋಡಿದರೆ, ಆ ನಾಲ್ಕು ಶ್ರೇಣಿಯ ಹಳೆಯ ವಾದ್ಯವೇ ಮುಕ್ಕಾಗದೆ ಕುಳಿತಿರುವುದು ಗೋಚರವಾಗುತ್ತದೆ.

ನಮ್ಮ ವೀಣೆಯ ಹೆಸರುಗಳು ಇದಕ್ಕಿಂತ ಭಿನ್ನವಾದ ಮನೋಧರ್ಮವುಳ್ಳವು. ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಎಂಬ ನಾಲ್ಕರಲ್ಲಿ ಮೂರು ಕಿವಿ ಕೊಟ್ಟ ಹೆಸರುಗಳೇ; ‘ಸಾರಣಿ’ ಮಾತ್ರ ಸರಿಸುವ ಕ್ರಿಯೆಯನ್ನು ಹೇಳುವ ಧಾತುವಿನಿಂದ ಬಂದು, ಬೆರಳು ಹೆಚ್ಚಾಗಿ ಓಡಾಡುವ ತಂತಿಯಾದುದರಿಂದ ಕೈಗೆ ಸಲ್ಲಬೇಕಾದ ಮರ್ಯಾದೆಯನ್ನು ಉಳಿಸಿಕೊಂಡಿರುವಂತಿದೆ. ಮಂದ್ರವಿದ್ದಲ್ಲದೆ ಅನುಮಂದ್ರವೆಂಬ ಹೆಸರು ಹುಟ್ಟಲಾರದು. ಇಲ್ಲಿಯೂ ಎಣಿಕೆ ಕೆಳಕ್ಕೆ ಇಳಿದಿದೆ.

ಇನ್ನು ಸ್ವರದ ಮಾತು. ಆರನೆಯ ತಂತಿಯಿಂದ ಮೊದಲನೆಯದರವರೆಗೆ ಇ, ಎ, ಡಿ, ಜಿ, ಬಿ, ಇ ಎಂಬುವು ರೂಢಿಯ ಸ್ವರಗಳು. ಜರ್ಮನರು ‘ಬಿ’ಯ ಸ್ಥಾನದಲ್ಲಿ ‘ಹಾ’ ಎನ್ನುವರು. ಸ್ಪೇನಿನವರಿಗೂ ಇಟಲಿಯವರಿಗೂ ಇವು ಮಿ, ಲಾ, ರೆ, ಸೋಲ್, ಸಿ, ಮಿ. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಸಮ್ಮೇಳನವು ಮಧ್ಯಸ್ಥಾಯಿಯ ‘ಎ’ ಸ್ವರಕ್ಕೆ ಸೆಕೆಂಡಿಗೆ 440 ಕಂಪನಗಳೆಂದು ಗೊತ್ತುಮಾಡಿದ ಮೇಲೆ, ಗಿಟಾರಿನ ಐದನೆಯ ತಂತಿಗೆ 110, ಆರನೆಯದಕ್ಕೆ ಸುಮಾರು 82.4, ಮೊದಲನೆಯದಕ್ಕೆ ಸುಮಾರು 329.6 ಎಂದಾಯಿತು. ವೀಣೆಯಲ್ಲಿ ಷಡ್ಜವು ವೈಣಿಕನ ಇಚ್ಛೆಗೆ ಅಧೀನವಾಗಿದ್ದರೆ, ಇಲ್ಲಿ ತಂತಿಯ ಸ್ವರ ಸರ್ಕಾರಿ ತೂಕದ ಕಲ್ಲಿನಂತೆ ನಿಯತವಾದುದು. ಆದರೂ ಕುತೂಹಲಕ್ಕೆಂದು ಆರನೆಯ ತಂತಿಯನ್ನೇ ಷಡ್ಜವೆಂದು ಭಾವಿಸಿ, ಎಲ್ಲಿಯೂ ಬೆರಳೊತ್ತದೆ ಕ್ರಮವಾಗಿ ಮೀಟಿದರೆ ಸ, ಮ, ನಿ, ಗ, ಪ, ಸ ಎಂದು ಕೇಳಿಸುವುದು. ಮಧ್ಯಮ ಶುದ್ಧ, ನಿಷಾದ ಕೈಶಿಕಿ, ಗಾಂಧಾರ ಸಾಧಾರಣ. ಇವುಗಳನ್ನು ಒಂದೇ ಸ್ಥಾಯಿಗೆ ತಂದು ಜೋಡಿಸಿದರೆ ಶುದ್ಧ ಧನ್ಯಾಸಿಯ ಐದು ಸ್ವರಗಳು ದೊರೆಯುತ್ತವೆ. ಮೂರನೆಯ ತಂತಿಗೆ ಷಡ್ಜವನ್ನು ವರ್ಗಾಯಿಸಿದರೆ ಅದೇ ಸ್ವರಗಳು ಮೋಹನವಾಗುತ್ತವೆ. ಸ್ಪೇನಿನ ಕುಶಲಿಗಳು ಇದನ್ನು ಉದ್ದೇಶಿಸಿರಲಿಲ್ಲವೆಂದು ಹೇಳಬೇಕಾದುದಿಲ್ಲ.

ಒಂದು ತಂತಿಗೂ ಮುಂದಿನದಕ್ಕೂ ನಡುವೆ ಷಡ್ಜ-ಮಧ್ಯಮದ ಅಂತರ ನಾಲ್ಕು ಕಡೆ ಇದೆ. ಮೂರನೆಯದಕ್ಕೂ ಎರಡನೆಯದಕ್ಕೂ ನಡುವೆ ಮಾತ್ರ ಷಡ್ಜದಿಂದ ಅಂತರ ಗಾಂಧಾರದವರೆಗಿನ ಕಿರಿಯ ಅಂತರ. ಹಲವು ಸ್ವರಗಳನ್ನು ಒಮ್ಮೆಗೇ ನುಡಿಸುವ ಪದ್ಧತಿಯಲ್ಲಿ ಎಡಗೈ ಬೆರಳುಗಳು ಸುಲಭವಾಗಿ ಕೂರಬೇಕೆಂಬುದೂ, ಹೊರಗಿನ ಎರಡು ತಂತಿಗಳು ಎರಡು ಸ್ಥಾಯಿಯ ಅಂತರದಲ್ಲಿ ಒಂದೇ ಸ್ವರವಾಗಿರಬೇಕೆಂಬುದೂ ಈ ವ್ಯವಸ್ಥೆಯ ಪ್ರಯೋಜನ. ಅಂದರೆ ಇದು ಕೈಯ ಬೇಡಿಕೆ. ಕಿವಿ ಇದಕ್ಕೆ ಏನೆನ್ನುತ್ತದೆ? ಭರತನ ನಾಟ್ಯಶಾಸ್ತ್ರದ ಲೆಕ್ಕದಲ್ಲಿ ಸ್ಥಾಯಿಗೆ 22 ಶ್ರುತಿ. ಒಂಬತ್ತು ಅಥವಾ ಹದಿಮೂರು ಶ್ರುತಿಗಳ ಅಂತರವುಳ್ಳ ಸ್ವರಗಳು ಪರಸ್ಪರ ಸಂವಾದಿಗಳು. ಮಧ್ಯಮದ ಅಂತರ ಒಂಬತ್ತು ಶ್ರುತಿ, ಅಂತರ ಗಾಂಧಾರದ ಅಂತರ ಏಳು. ಹೀಗಿರಲಾಗಿ ಗಿಟಾರಿನ ಅಂತರಗಳು ಒಂಬತ್ತು, ಒಂಬತ್ತು, ಒಂಬತ್ತು, ಏಳು, ಒಂಬತ್ತು, ಒಟ್ಟು 43. ಎರಡು ಸ್ಥಾಯಿಗೆ ಬೇಕಾದುದು 44. ಪ್ರತಿಯೊಂದು ಜೋಡಿಯನ್ನೂ ಕಿವಿಗೆ ಹಿತವಾಗುವಂತೆ ಶ್ರುತಿಗೂಡಿಸುತ್ತ ಹೋದವನಿಗೆ ಕೊನೆಯಲ್ಲಿ ಒಂದು ಶ್ರುತಿ ಕಡಮೆ ಬೀಳುತ್ತದೆ. ಅನುಪಾತಗಳಿಂದ ಲೆಕ್ಕಹಾಕಿದರೂ ಫಲ ಅದೇ: 4/3ನ್ನು ನಾಲ್ಕು ಬಾರಿಯೂ 5/4ನ್ನು ಒಂದು ಬಾರಿಯೂ ಗುಣಿಸಿದಾಗ ಬರುವ 320/81 ಎಂಬುದು ನಾಲ್ಕಕ್ಕಿಂತ 81/80ರಷ್ಟು ಕಿರಿದು. ಭರತನು ಎರಡು ವೀಣೆಗಳನ್ನು ಮುಂದಿಟ್ಟುಕೊಂಡು, ಪಂಚಮವನ್ನು ಇಳಿಸಿ ತೋರಿಸಿದ ಪ್ರಮಾಣಶ್ರುತಿಗೆ ಆಧುನಿಕ ವಿದ್ವಾಂಸರು ಕೊಡುವ ಬೆಲೆಯೂ 81/80.

ವಿಜಯನಗರದ ರಾಮಾಮಾತ್ಯನು 1550ರ ಸ್ವರಮೇಲಕಲಾನಿಧಿಯಲ್ಲಿ ಹೇಳಿದ ವೀಣೆಗಳಿಗೆ ಈ ಸಂಕಟವಿಲ್ಲ. ಅವನ ಶುದ್ಧಮೇಳ ವೀಣೆಯ ತಂತಿಗಳು ಸ, ಪ, ಸ, ಮ. ಮಧ್ಯಮೇಳ ವೀಣೆಯವು ಪ, ಸ, ಪ, ಸ, ಇಂದಿಗೂ ನಾವು ಬಲ್ಲ ಕ್ರಮ. ಅಕ್ಕಪಕ್ಕದ ತಂತಿಗಳೆಲ್ಲ ಒಂಬತ್ತು ಇಲ್ಲವೆ ಹದಿಮೂರರ ಸಂವಾದಿಗಳು; ಏಳು ಶ್ರುತಿಯ ಅಂತರದಂಥ, ಸಂವಾದಿಯಲ್ಲದ ಅನುವಾದಿಗೆ ಅಲ್ಲಿ ಪ್ರವೇಶವೇ ಇಲ್ಲ. ಮುದಾರಾನ ಗ್ರಂಥಕ್ಕೂ ರಾಮಾಮಾತ್ಯನ ಗ್ರಂಥಕ್ಕೂ ನಾಲ್ಕೇ ವರ್ಷಗಳ ಅಂತರವೆಂಬುದು ಕಾಕತಾಳೀಯವಾದರೂ, ಎರಡು ನಾಡಿನ ಕಿವಿಗಳು ನಾಲ್ಕು ತಂತಿಗಳಿಂದ ಬಯಸಿದುದು ಎಷ್ಟು ಬೇರೆ ಎಂಬುದನ್ನು ಎದುರುಬದುರಾಗಿ ಇಟ್ಟು ನೋಡಲು ಅನುಕೂಲಿಸುತ್ತದೆ.

ಕಡಮೆ ಬಿದ್ದ ಶ್ರುತಿಯನ್ನು ಗಿಟಾರಿನವರು ಸಮವಿಭಾಗದ ಮೆಟ್ಟಿಲುಗಳಲ್ಲಿ ಹಂಚಿ ಅಡಗಿಸಿದ್ದಾರೆ. ಆರನೆಯ ತಂತಿಯ ಐದನೆಯ ಮೆಟ್ಟಿಲನ್ನು ಒತ್ತಿ ಐದನೆಯ ತಂತಿಯನ್ನು ಕೂಡಿಸುವುದು, ಹೀಗೆಯೇ ಮುಂದೆ ಐದು, ಐದು, ಆಮೇಲೆ ನಾಲ್ಕು, ಮತ್ತೆ ಐದು. ಇದು ಶ್ರುತಿಮಾಡುವ ರೂಢಿ. ವೀಣೆಗೆ ಒಗ್ಗಿದ ಕಿವಿಯವರು ಮೆಟ್ಟಿಲನ್ನು ನಂಬದೆ, ಮೂರನೆಯ ತಂತಿಯನ್ನು ಬರಿದಾಗಿ ಮೀಟುತ್ತ ಎರಡನೆಯದರ ಬಿರಡೆಯನ್ನು ಕೂದಲೆಳೆಯಷ್ಟು ಸಡಿಲಿಸಿ, ಅಲೆಯಲೆಯಾಗಿ ಬಡಿಯುತ್ತಿದ್ದ ನಾದವು ತಿಳಿಯಾಗಿ ಅಂತರ ಗಾಂಧಾರವು ಪೂರ್ಣವಾಗಿ ಕೂಡಿದ ಕ್ಷಣಕ್ಕೆ ತಲೆದೂಗುವರು. ಅನಂತರ ಐದನೆಯ ತಂತಿಯ ಎರಡನೆಯ ಮೆಟ್ಟಿಲನ್ನು ಒತ್ತಿ, ಅಲ್ಲಿ ಹುಟ್ಟುವ ಮಂದ್ರದ ‘ಬಿ’ಯೊಡನೆ ಆ ಎರಡನೆಯ ತಂತಿಯನ್ನೇ ಜೊತೆಯಾಗಿ ಮೀಟಿದಾಗ, ಒಂದೇ ಸ್ವರದ ಎರಡು ಸ್ಥಾಯಿಗಳು ಒಂದನ್ನೊಂದು ತಳ್ಳಾಡುವುದು ಕೇಳಿಸಿ, ಬಿರಡೆಯನ್ನು ಮತ್ತೆ ಮೊದಲಿದ್ದಲ್ಲಿಗೆ ತಿರುಗಿಸುವರು.