ಇಮ್ಮಡಿ ದೇವರಾಯನ ಮೇಲಿನ ಘಾತ: ಹೊಣೆ ಯಾರದು?

ರಾಜ್ಯದ ನಾಯಕನ ಮೇಲೆ ಶಸ್ತ್ರವೆತ್ತಿದ ಸುದ್ದಿಯು ಹಬ್ಬಿದೊಡನೆ ಎರಡು ಪ್ರಶ್ನೆಗಳು ಹುಟ್ಟುವವು. ಹೊಡೆದವನು ಯಾರೆಂಬದು ಮೊದಲನೆಯದು. ಅವನನ್ನು ಅಷ್ಟು ಸಮೀಪಕ್ಕೆ ಬಿಟ್ಟವರು ಯಾರೆಂಬದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಜನರ ರೋಷವೇ ತಡಮಾಡದೆ ಉತ್ತರವನ್ನು ದೊರಕಿಸಿಬಿಡುತ್ತದೆ. ಎರಡನೆಯದಕ್ಕೆ ಶಾಂತವಾದ ವಿಚಾರವು ಬೇಕಾಗುವದರಿಂದ ಅದು ಅನೇಕ ಸಲ ಯಾರೂ ಕೇಳದೆಯೇ ಉಳಿದುಹೋಗುತ್ತದೆ. ಹಾಗೆ ಉಳಿದಲ್ಲಿ ರಾಜ್ಯಕ್ಕೆ ಏನು ಒದಗುವದೆಂಬದಕ್ಕೆ ತುಂಗಭದ್ರೆಯ ತೀರದಲ್ಲಿಯೇ ಒಂದು ನಿದರ್ಶನವುಂಟು.

ಸಿದ್ದಾಪುರ, ಗಂಗಾವತಿ, ಆನೆಗೊಂದಿಗಳ ಸೀಮೆಯು ಹೊಳೆಯ ಎಡದಂಡೆಗೆ. ವಿಜಯನಗರದ ಹಾಳುಗೋಡೆಗಳು ಬಲದಂಡೆಗೆ. ಆ ಪಟ್ಟಣದಲ್ಲಿ ೧೫ನೆಯ ಶತಮಾನದ ಎರಡನೆಯ ಪಾದದಲ್ಲಿ ಆಳಿದವನು ಇಮ್ಮಡಿ ದೇವರಾಯ. ಪ್ರೌಢದೇವರಾಯನೆಂದೂ, ಆನೆಗಳ ಬೇಟೆಯಲ್ಲಿ ಪ್ರಸಿದ್ಧನಾದುದರಿಂದ ಗಜಬೇಂಟೆಕಾರನೆಂದೂ ಅವನನ್ನು ಕರೆಯುತ್ತಿದ್ದರು. ಕನ್ನಡ ಕವಿ ಚಾಮರಸನೂ, 'ಶಿವತತ್ತ್ವಚಿಂತಾಮಣಿ'ಯನ್ನು ಬರೆದ ಲಕ್ಕಣ್ಣ ದಂಡೇಶನೂ ಅವನ ಕಾಲದವರು. ಬಹಮನೀ ಸೈನ್ಯದ ಬಿಲ್ಲುಗಾರಿಕೆಯನ್ನು ಕಂಡು, ಮುಸಲ್ಮಾನ ಬಿಲ್ಲುಗಾರರನ್ನು ಚಾಕರಿಗೆ ತೆಗೆದುಕೊಂಡು ತನ್ನ ಸೈನ್ಯವನ್ನು ಅವನು ತಿದ್ದಿದನೆಂದು ಫೆರಿಸ್ತನು ಹೇಳುತ್ತಾನೆ. ಹೊರಗಿನ ಶತ್ರುವಿಗಾಗಿ ಇಷ್ಟು ಸಿದ್ಧನಾಗಿದ್ದ ಈ ಅರಸನಿಗೆ ಅಪಾಯವು ಬಂದದ್ದು ಮಾತ್ರ ಒಳಗಿನಿಂದ.

ಈ ವೃತ್ತಾಂತವನ್ನು ತಿಳಿಸುವ ಮುಖ್ಯ ಸಾಕ್ಷಿಯು ಅಬ್ದುರ್ ರಜಾಕನು. ಹೇರಾತದ ಶಾರುಖ ಬಾದಶಹನ ರಾಯಭಾರಿಯಾಗಿ ಅವನು ೧೪೪೨ರ ಕೊನೆಯ ಭಾಗದಲ್ಲಿ ಕಲ್ಲಿಕೋಟೆಗೆ ಬಂದು, ೧೪೪೩ರ ಏಪ್ರಿಲದ ಕೊನೆಗೆ ವಿಜಯನಗರವನ್ನು ಸೇರಿದನು. ತಾನು ಕಲ್ಲಿಕೋಟೆಯಲ್ಲಿದ್ದಾಗಲೇ ಈ ಘಟನೆಯು ನಡೆಯಿತೆಂದು ಅವನು ಬರೆದಿರುವದರಿಂದ, ಅವನದು ಕಣ್ಣಾರೆ ಕಂಡ ಮಾತಲ್ಲ; ಆದರೆ ಕೆಲವೇ ತಿಂಗಳ ಮೇಲೆ ಅದೇ ಪಟ್ಟಣದಲ್ಲಿ ಕೇಳಿದ ಮಾತು. ಪೋರ್ಚುಗೀಜ ವ್ಯಾಪಾರಿ ನೂನಿಜನೂ ಇಂಥದೇ ಒಂದು ಕಥೆಯನ್ನು ಹೇಳಿದ್ದಾನೆ. ಘಾತಕನು ಅರಸನ ತಮ್ಮನಲ್ಲ, ಸೋದರಸಂಬಂಧದ ಮಗನು. ಕಠಾರಿಗೆ ವಿಷವನ್ನು ಹಚ್ಚಿದ್ದರಿಂದ ಅರಸನು ಆರು ತಿಂಗಳಲ್ಲಿ ತೀರಿಕೊಂಡನು, ಎಂದು ಅವನ ಹೇಳಿಕೆ. ನೂನಿಜನು ಬರೆದದ್ದು ಸುಮಾರು ತೊಂಬತ್ತು ವರ್ಷಗಳ ಮೇಲೆ. ದೇವರಾಯನಾದರೋ ೧೪೪೬ರ ವರೆಗೆ ಬದುಕಿದ್ದನು. ಆದುದರಿಂದ ರಜಾಕನ ಮಾತಿಗೇ ಹೆಚ್ಚಿನ ಬೆಲೆಯನ್ನು ಕೊಡಬೇಕಾಗುವದು.

ರಜಾಕನು ಹೇಳುವದಿಷ್ಟು. ಅರಸನ ತಮ್ಮನು ಹೊಸದೊಂದು ಮನೆಯನ್ನು ಕಟ್ಟಿಸಿ, ಅರಸನನ್ನೂ ರಾಜ್ಯದ ಪ್ರಮುಖರನ್ನೂ ಊಟಕ್ಕೆ ಕರೆದನು. ಬಂದವರನ್ನು ಒಂದು ದೊಡ್ಡ ಚಾವಡಿಯಲ್ಲಿ ಕುಳ್ಳಿರಿಸಿ, ಒಬ್ಬೊಬ್ಬರನ್ನಾಗಿ ಒಳಗಿನ ಮನೆಗೆ ಊಟಕ್ಕೆ ಎಬ್ಬಿಸುತ್ತ ಹೋದನು. ಪಟ್ಟಣದಲ್ಲಿದ್ದ ನಗಾರಿ, ಭೇರಿ, ಕಹಳೆಗಳನ್ನೆಲ್ಲ ಒಟ್ಟುಗೂಡಿಸಿ ಏಕಕಾಲಕ್ಕೆ ಬಾರಿಸಹಚ್ಚಿದ್ದನು. ಒಳಗೆ ಕಾಲಿಟ್ಟವನನ್ನು ಮರೆಯಲ್ಲಿ ನಿಂತ ಇಬ್ಬರು ಕೊಲೆಗಾರರು ಇರಿದು ಕೆಡವಿದರು. ವಾದ್ಯಗಳ ಗದ್ದಲದಲ್ಲಿ ಒಬ್ಬನ ಕೂಗು ಇನ್ನೊಬ್ಬನಿಗೆ ಕೇಳಿಸಲಿಲ್ಲ. ಹೀಗೆ ರಾಜ್ಯದಲ್ಲಿ ಹೆಸರುಳ್ಳವರೆಲ್ಲ ಸತ್ತ ಮೇಲೆ ಅವನು ಅರಮನೆಗೆ ಬಂದು, ಪಹರೆಯವರನ್ನು ಸವಿಮಾತಿನಿಂದ ತನ್ನ ಮನೆಗೆ ಕಳುಹಿಸಿದನು. ಅವರ ಗತಿಯೂ ಅದೇ ಆಯಿತು. ಅನಂತರ ವೀಳ್ಯದ ತಟ್ಟೆಯ ಕೆಳಗೆ ಕಠಾರಿಯನ್ನು ಮರೆಮಾಡಿಕೊಂಡು ಅರಸನ ಸನ್ನಿಧಿಗೆ ಹೋಗಿ, ಎಲ್ಲರೂ ದಾರಿಯನ್ನು ಕಾಯುತ್ತಿದ್ದಾರೆಂದು ಬಿನ್ನವಿಸಿದನು. ಮೈಯಲ್ಲಿ ಸ್ವಸ್ಥವಿಲ್ಲೆಂದು ಅರಸನು ನುಡಿಯಲು, ಕಠಾರಿಯನ್ನು ಹಿರಿದು ಹಲವು ಸಲ ಇರಿದನು. ಅರಸನು ಸಿಂಹಾಸನದ ಹಿಂದೆ ಬಿದ್ದನು. ತಲೆಯನ್ನು ಕಡಿಯಲು ಒಬ್ಬ ಆಪ್ತನನ್ನು ಅಲ್ಲಿ ಬಿಟ್ಟು, ತಮ್ಮನು ಹೊರಗಿನ ಮೆಟ್ಟಲುಗಳ ಮೇಲೆ ನಿಂತು ತಾನೇ ಅರಸನೆಂದು ಸಾರತೊಡಗಿದನು. ಇತ್ತ ದೇವರಾಯನು ಪೀಠವನ್ನೇ ಎತ್ತಿ ಆ ಆಪ್ತನ ಎದೆಗೆ ಹೊಡೆದು ಕೆಡವಿದನು. ಭಯದಿಂದ ಮೂಲೆಯಲ್ಲಿ ಅಡಗಿದ್ದ ಒಬ್ಬ ಪಹರೆಯವನ ಸಹಾಯದಿಂದ ಅವನನ್ನು ಕೊಂದು, ಅಂತಃಪುರದ ದಾರಿಯಿಂದ ಹೊರಬಿದ್ದು, ತಾನು ಬದುಕಿರುವೆನೆಂದು ಕೂಗಿದನು. ನೆರೆದ ಜನರು ದ್ರೋಹಿಯ ಮೇಲೆ ಬಿದ್ದು ಅವನನ್ನು ಕೊಂದರು.

ಇನ್ನು ಆ ಪಟ್ಟಣದ ಕಾವಲನ್ನು ನೋಡಬೇಕು. ಒಂದರೊಳಗೊಂದಾಗಿ ಏಳು ಕೋಟೆಗಳಿದ್ದುವೆಂದು ಅದೇ ರಜಾಕನು ವರ್ಣಿಸುತ್ತಾನೆ. ಟಂಕಸಾಲೆಯ ಎದುರಿಗೆ ಕೊತ್ವಾಲನ ಚಾವಡಿ. ಅವನ ಕೈಕೆಳಗೆ ೧೨,೦೦೦ ಜನ ಕಾವಲಿನವರು. ಅವರ ಸಂಬಳವು ದಿನಕ್ಕೆ ೧೨,೦೦೦ ಹಣ. ಅದು ವೇಶ್ಯಾವಾಟಿಕೆಯ ತೆರಿಗೆಯಿಂದ ಸಲ್ಲುತ್ತಿತ್ತು. ಏಳು ಕೋಟೆಗಳ ಒಳಗೆ ನಡೆದುದೆಲ್ಲವನ್ನು ತಿಳಿದುಕೊಳ್ಳುವದೂ, ಕಳುವಾದುದನ್ನು ಹುಡುಕಿಕೊಡುವದೂ ಅವರ ಕೆಲಸವಾಗಿತ್ತು. ಹುಡುಕಿಕೊಡದಿದ್ದರೆ ಅವರೇ ದಂಡವನ್ನು ತೆರಬೇಕು. ರಜಾಕನ ಸಂಗಡಿಗನು ಕೊಂಡಿದ್ದ ಕೆಲವು ಆಳುಗಳು ಓಡಿಹೋದಾಗ, ಆ ಕೇರಿಯ ಕಾವಲಿನವರಿಂದಲೇ ಬೆಲೆಯನ್ನು ವಸೂಲುಮಾಡಿ ಕೊಡಿಸಿದರಂತೆ.

ವಾಚಕರು ಲಕ್ಷ್ಯವಿಟ್ಟು ನೋಡತಕ್ಕ ಸ್ಥಳವಿದು. ಒಬ್ಬ ಪರದೇಶಸ್ಥನ ಆಳು ಓಡಿಹೋದರೆ ಯಾರು ಉತ್ತರ ಕೊಡಬೇಕೆಂಬದು ಆ ಪಟ್ಟಣದಲ್ಲಿ ಮೊದಲೇ ಗೊತ್ತಾಗಿದ್ದಿತು. ಅರಸನ ಕೊಠಡಿಯ ಬಾಗಿಲು ಬರಿದಾದರೆ ಯಾರು ಉತ್ತರ ಕೊಡಬೇಕೆಂಬದು ರಜಾಕನ ವೃತ್ತಾಂತದಲ್ಲಿ ಎಲ್ಲಿಯೂ ಕಾಣುವದಿಲ್ಲ.

ಹಾಗಾದರೆ ತಪ್ಪು ಯಾರದು? ಪ್ರಧಾನನಾದ ದಣ್ಣಾಯಕನು ಆಗ ಸಿಂಹಳದ ಗಡಿಯ ಕಡೆಗೆ ಹೋಗಿದ್ದನು. ಇವನು ಲಕ್ಕಣ್ಣ ದಂಡೇಶನೇ ಎಂದು ಅನೇಕ ವಿದ್ವಾಂಸರ ಮತ. ರಾಜಧಾನಿಯನ್ನು ಬಿಟ್ಟುಹೋದುದು ಅವನ ತಪ್ಪೆಂದು ವಾದಿಸಬಹುದು. ಆದರೆ ಅವನು ಊರಲ್ಲಿದ್ದಿದ್ದರೆ ಊಟದ ಪಂಕ್ತಿಯಲ್ಲಿ ಅವನ ಹೆಸರೂ ಇರುತ್ತಿತ್ತು. ಪ್ರಮುಖರಲ್ಲಿ ಉಳಿದವನು ಅವನೊಬ್ಬನೇ; ರಾಜ್ಯಕ್ಕೆ ಆ ಮೇಲೆ ಆಧಾರವಾದವನೂ ಅವನೇ. ಇದ್ದ ಪ್ರಮುಖರೆಲ್ಲರೂ ಒಂದೇ ಮನೆಗೆ ಒಂದೇ ಹೊತ್ತಿಗೆ ಹೋದದ್ದೇ ದೊಡ್ಡ ತಪ್ಪೆಂಬದು ಇದರಿಂದ ಸ್ಪಷ್ಟವಾಗುವದು.

ಅರಸನನ್ನು ದೂಷಿಸಬಹುದೇ? ತಮ್ಮನನ್ನು ನಂಬಿದನೆಂಬದು ಅವನ ಮೇಲಿನ ಆಕ್ಷೇಪ. ಅರಸನಿಗೆ ಅಪಾಯವು ಒಡಹುಟ್ಟಿದವರಿಂದಲೂ ಮಕ್ಕಳಿಂದಲೂ ಬರುವದೆಂದು ಕೌಟಿಲ್ಯನು ಬಹು ಹಿಂದೆಯೇ ಎಚ್ಚರಿಸಿದ್ದನು. ರಾಣಿಯ ಮನೆಯಲ್ಲಿ ಅಡಗಿದ್ದ ತಮ್ಮನಿಂದ ಹತನಾದ ಭದ್ರಸೇನನ ಉದಾಹರಣೆಯನ್ನು ಅರ್ಥಶಾಸ್ತ್ರದಲ್ಲಿ ಕೊಟ್ಟಿದ್ದಾನೆ. ಆದರೆ ಬಂಧುಗಳೆಲ್ಲರನ್ನೂ ಶಂಕಿಸುತ್ತ ಬಾಳುವ ಅರಸನು ರಾಜ್ಯವನ್ನು ಆಳಲಾರನು. ಆ ದಿನದ ಅಸ್ವಸ್ಥತೆಯನ್ನು ರಜಾಕನು ದೈವಪ್ರೇರಣೆಯೆಂದು ತಿಳಿಯುತ್ತಾನೆ. ದೈವವೇ ಇರಲಿ, ಆಕಸ್ಮಿಕವೇ ಇರಲಿ, ಅರಸನ ಜೀವವು ಉಳಿದದ್ದು ಕಾವಲಿನಿಂದಲ್ಲವೆಂಬದು ನಿಶ್ಚಯ.

ಇನ್ನುಳಿದವರು ಪಹರೆಯವರು. ನಿಂತ ಸ್ಥಳವನ್ನು ಬಿಟ್ಟು ಹೋದದ್ದು ತಪ್ಪೇ ಸರಿ. ಆ ತಪ್ಪಿಗೆ ಅವರು ಪ್ರಾಣವನ್ನೇ ತೆತ್ತರು. ಆದರೂ ಅರಸನ ತಮ್ಮನು ತಾನಾಗಿ ಬಂದು ಆದರದಿಂದ ಕರೆದಾಗ, ಬರಲಾರೆವೆಂದು ಹೇಳುವ ಧೈರ್ಯವನ್ನು ಒಬ್ಬ ಸಾಮಾನ್ಯ ಸಿಪಾಯಿಯಿಂದ ಅಪೇಕ್ಷಿಸುವದು ಹೇಗೆ? ಇಂಥವರ ಅಪ್ಪಣೆಯ ಹೊರತು ಪಹರೆಯನ್ನು ಬಿಡಕೂಡದು, ಅರಸನ ಬಂಧುಗಳ ಮಾತೂ ಇಲ್ಲಿ ನಡೆಯದು ಎಂಬ ಕಟ್ಟಳೆಯೊಂದು ಗಟ್ಟಿಯಾಗಿದ್ದರೆ ಆ ಧೈರ್ಯವು ತಾನಾಗಿ ಬರುತ್ತಿತ್ತು. ಕಟ್ಟಳೆಯನ್ನು ಮಾಡತಕ್ಕವರು ಮೇಲಿನವರು. ಮೂಲೆಯಲ್ಲಿ ಅಡಗಿದ್ದ ಆ ಒಬ್ಬ ಪಹರೆಯವನನ್ನಂತೂ ಏನೆನ್ನಬೇಕು? ಅಡಗಿದ್ದರಿಂದ ಅವನು ಹೇಡಿ. ಅಡಗಿ ಉಳಿದದ್ದರಿಂದಲೇ ಅರಸನಿಗೆ ಕೈಯಾಸರೆಯಾದವನೂ ಅವನೇ. ಹೊಣೆಯ ತಕ್ಕಡಿಯು ಇಲ್ಲಿ ಯಾವ ಕಡೆಗೂ ಸುಲಭವಾಗಿ ವಾಲುವದಿಲ್ಲ.

ವೀಳ್ಯದ ತಟ್ಟೆಯನ್ನೂ ಮರೆಯಕೂಡದು. ಕನ್ನಡ ನಾಡಿನ ಒಡ್ಡೋಲಗಗಳಲ್ಲಿ ವೀಳ್ಯವು ಮನ್ನಣೆಯ ಗುರುತು. ಅದನ್ನು ಹಿಡಿದು ಬಂದವನನ್ನು ತಡೆದು ಶೋಧಿಸುವದು ಅವಮಾನವೆಂದೇ ಎಲ್ಲರೂ ಎಣಿಸುವರು. ಘಾತಕನು ಆಯ್ದುಕೊಂಡ ಸಾಧನಗಳೆಲ್ಲವೂ ಇಂಥವೇ: ಹೊಸಮನೆಯ ಊಟ, ಮಂಗಲವಾದ್ಯ, ವೀಳ್ಯ. ಏಳು ಕೋಟೆಗಳನ್ನು ಅವನು ಒಡೆಯಲಿಲ್ಲ. ಜನರ ಮರ್ಯಾದೆಯೇ ಅವನಿಗೆ ಬಾಗಿಲನ್ನು ತೆರೆಯಿತು.

ಅನಂತರ ನಡೆದ ಶಿಕ್ಷೆಯು ಭಯಂಕರವಾದುದು. ಸಂಚಿಗೆ ಯಾವ ರೀತಿಯಿಂದಲಾದರೂ ನೆರವಾದವರನ್ನು ಕೊಂದರು; ಹಲವರ ಚರ್ಮವನ್ನು ಸುಲಿಸಿದರು, ಹಲವರನ್ನು ಜೀವದಿಂದಿರುವಾಗಲೇ ಸುಟ್ಟರು, ಅವರ ಮನೆತನಗಳನ್ನು ನಿರ್ಮೂಲಮಾಡಿದರು. ಆಮಂತ್ರಣದ ಓಲೆಗಳನ್ನು ತಂದವನೂ ಘೋರವಾದ ಯಾತನೆಗೆ ಗುರಿಯಾದನು. ಒಡೆಯನ ಓಲೆಯನ್ನು ಒಯ್ದು ಮುಟ್ಟಿಸಿದವನಿಗೆ ಅದರೊಳಗಿನ ವಂಚನೆಯು ತಿಳಿದಿತ್ತೋ ಇಲ್ಲವೋ ಎಂಬ ವಿಚಾರಕ್ಕೆ ಆ ರೋಷದಲ್ಲಿ ಎಡೆಯಾದರೂ ಎಲ್ಲಿಯದು? ಹೊಡೆದವನಾರೆಂಬ ಪ್ರಶ್ನೆಗೆ ಹೀಗೆ ರಕ್ತದಲ್ಲಿ ಉತ್ತರವು ದೊರೆಯಿತು. ಬಿಟ್ಟವರಾರೆಂಬ ಪ್ರಶ್ನೆಯು ಆ ರಕ್ತದಲ್ಲಿಯೇ ಮುಳುಗಿಹೋಯಿತು.

ಅರಮನೆಯ ಈ ಗಾಯವು ಅರಮನೆಯಲ್ಲಿಯೇ ನಿಲ್ಲಲಿಲ್ಲ. ವಿಜಯನಗರದ ಪ್ರಮುಖರು ಹತರಾದ ಸುದ್ದಿಯನ್ನು ಕೇಳಿ, ಬಹಮನೀ ಸುಲ್ತಾನ ಅಲಾವುದ್ದೀನ ಅಹಮದನು ಏಳು ಲಕ್ಷ ವರಹಗಳನ್ನು ಕೊಡಬೇಕೆಂದು ಹೇಳಿಕಳುಹಿಸಿದನೆಂದೂ, ದೇವರಾಯನು ಅದನ್ನು ತಿರಸ್ಕರಿಸಿದನೆಂದೂ, ದಣ್ಣಾಯಕನು ಕಲಬುರ್ಗಿಯ ಸೀಮೆಯ ಮೇಲೆ ದಂಡೆತ್ತಿ ಹೋದನೆಂದೂ ರಜಾಕನು ಬರೆಯುತ್ತಾನೆ. ಯುದ್ಧವನ್ನು ತೊಡಗಿದವನು ದೇವರಾಯನೇ, ಹೊಳೆಯನ್ನು ದಾಟಿ ಮುದಗಲ್ಲನ್ನು ಹಿಡಿದವನೂ ಅವನೇ, ಎಂದು ಫೆರಿಸ್ತನ ಪಕ್ಷ. ಯಾರದು ಸರಿಯಾದರೂ ತುಳಿತಕ್ಕೆ ಸಿಕ್ಕಿದ್ದು ಕೃಷ್ಣಾ ತುಂಗಭದ್ರೆಗಳ ನಡುವಿನ ದೋಆಬು, ಎಂದರೆ ರಾಯಚೂರು, ಮುದಗಲ್ಲು, ಗಂಗಾವತಿಗಳ ಈ ನೆಲವೇ. ಅರಮನೆಯ ಒಂದು ಬಾಗಿಲಿನ ಅಲಕ್ಷ್ಯಕ್ಕೆ, ಆ ಬಾಗಿಲನ್ನು ಎಂದೂ ಕಾಣದ ರೈತನು ಬೆಲೆಯನ್ನು ತೆತ್ತನು.

ಕೇಳದ ಪ್ರಶ್ನೆಯು ನಾಲ್ವತ್ತು ವರ್ಷಗಳ ಮೇಲೆ ಮತ್ತೆ ತಲೆಯೆತ್ತಿತು. ೧೪೮೫ರ ಸುಮಾರಿಗೆ ವಿರೂಪಾಕ್ಷರಾಯನನ್ನು ಅವನ ಹಿರಿಯ ಮಗನೇ ಕೊಂದನು. ಆ ಮಗನು ತಾನು ಪಟ್ಟವನ್ನೇರದೆ ತಮ್ಮನಿಗೆ ಬಿಟ್ಟುಕೊಟ್ಟನು. ಆ ತಮ್ಮನು ಅಣ್ಣನನ್ನು ಕೊಲ್ಲಿಸಿದನು. ಕೊನೆಗೆ ಸಾಳುವ ನರಸಿಂಹನ ದಂಡನಾಯಕನು ಪಟ್ಟಣಕ್ಕೆ ಬಂದಾಗ ಬಾಗಿಲುಗಳಲ್ಲಿ ತಡೆಯುವವರೇ ಇರಲಿಲ್ಲವೆಂದೂ, ಅರಸನು ಬೇರೊಂದು ದಾರಿಯಿಂದ ಓಡಿಹೋದನೆಂದೂ ನೂನಿಜನು ಹೇಳುತ್ತಾನೆ. ಸಂಗಮ ವಂಶದ ಆಳಿಕೆಯು ಮುಗಿದದ್ದು ಹೀಗೆ, ಕಾವಲಿಲ್ಲದ ಬಾಗಿಲಲ್ಲಿ.

ಎರಡನೆಯ ಪ್ರಶ್ನೆಯನ್ನು ಪ್ರತ್ಯೇಕವಾಗಿ ಕೇಳುವ ಪದ್ಧತಿಯು ಭಾರತದಲ್ಲಿ ಈಚಿನದು. ೧೯೪೮ರ ಜನವರಿ ೨೦ರಂದು ದಿಲ್ಲಿಯ ಬಿರ್ಲಾ ಭವನದಲ್ಲಿ, ಗಾಂಧೀಜಿಯವರ ಪ್ರಾರ್ಥನಾಸಭೆಯ ಹತ್ತಿರ ಬಾಂಬು ಸಿಡಿಯಿತು. ಒಬ್ಬನು ಕೈಗೆ ಸಿಕ್ಕನು. ಹತ್ತು ದಿನಗಳ ಮೇಲೆ ಅದೇ ಸ್ಥಳದಲ್ಲಿ ಅವರ ಹತ್ಯೆಯಾಯಿತು. ಪ್ರಾರ್ಥನೆಗೆ ಬರುವವರನ್ನು ಶೋಧಿಸಲು ಅವರು ಒಪ್ಪಿರಲಿಲ್ಲ. ಸಿಕ್ಕ ಸುಳಿವನ್ನು ಪೋಲೀಸರು ಹೇಗೆ ಬಳಸಿದರೆಂಬ ವಿಚಾರಣೆಯೂ ನ್ಯಾಯಮೂರ್ತಿ ಜೀವನಲಾಲ ಕಪೂರರ ಆಯೋಗದಿಂದ ನಡೆಯಿತು. ಆದರೆ ಆ ಆಯೋಗವು ನೇಮಕವಾದದ್ದು ೧೯೬೬ರಲ್ಲಿ, ವರದಿಯು ಬಂದದ್ದು ೧೯೬೯ರಲ್ಲಿ. ೧೯೯೧ರ ಮೇ ೨೧ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ ಗಾಂಧಿಯವರ ಹತ್ತಿರಕ್ಕೆ ಮೃತ್ಯುವು ಬಂದದ್ದು ಹೂವಿನ ಹಾರದ ನೆವದಿಂದ, ಕಾಲಿಗೆರಗುವ ನೆವದಿಂದ. ಆ ಸಂಚಿನ ಮುಖ್ಯನು ಬೆಂಗಳೂರಿನ ಹತ್ತಿರದ ಕೋಣನಕುಂಟೆಯ ಮನೆಯೊಂದರಲ್ಲಿ ಅದೇ ಆಗಸ್ಟದಲ್ಲಿ ಸತ್ತನು. ಆಗ ರಕ್ಷಣೆಯ ಲೋಪಗಳ ವಿಚಾರಣೆಗೆ ನ್ಯಾಯಮೂರ್ತಿ ವರ್ಮಾ ಅವರ ಆಯೋಗವನ್ನೂ, ಸಂಚಿನ ವಿಚಾರಣೆಗೆ ನ್ಯಾಯಮೂರ್ತಿ ಜೈನ ಅವರ ಆಯೋಗವನ್ನೂ ಬೇರೆಬೇರೆಯಾಗಿ ನೇಮಿಸಿದರು. ವಿಜಯನಗರದಲ್ಲಿ ಒಂದರಲ್ಲೊಂದು ಮುಳುಗಿದ್ದ ಎರಡು ಪ್ರಶ್ನೆಗಳನ್ನು ಹೀಗೆ ಬೇರ್ಪಡಿಸಿದ್ದು ಸಣ್ಣ ಮಾತಲ್ಲ.

ಲೋಪದ ವಿಚಾರಣೆಯು ಸೇಡಿನ ಇನ್ನೊಂದು ರೂಪವಾಗಬಾರದು. ಓಲೆಯನ್ನು ಒಯ್ದವನನ್ನು ಹಿಂಸಿಸಿದರೆ ಮುಂದಿನ ಓಲೆಕಾರನು ಹೆಚ್ಚು ಹೆದರುವನೇ ಹೊರತು, ಅರಸನು ಹೆಚ್ಚು ಸುರಕ್ಷಿತನಾಗುವದಿಲ್ಲ. ಹಾಗೆಂದು ಜನನಾಯಕನನ್ನು ಜನರಿಂದ ಅಗಲಿಸಿ ಇಡುವದೂ ಪರಿಹಾರವಲ್ಲ. ಘಾತದಿಂದ ಉಳಿದ ದೇವರಾಯನು ಅದೇ ವರ್ಷದ ಮಹಾನವಮಿಯ ಉತ್ಸವದಲ್ಲಿ ಸಹಸ್ರಾರು ಜನರ ಎದುರಿಗೆ ಸಿಂಹಾಸನದ ಮೇಲೆ ಕುಳಿತುದನ್ನು ರಜಾಕನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಅರಸನು ಕಾಣಿಸಿಕೊಳ್ಳಲೇಬೇಕು, ಅದು ಅವನ ಧರ್ಮ. ಅವನು ಕಾಣಿಸಿಕೊಳ್ಳುವಾಗ ಬಾಗಿಲಲ್ಲಿ ಯಾರಿರಬೇಕು, ಯಾರ ಮಾತಿನಿಂದ ಅವರು ಕದಲಬೇಕು ಎಂಬದನ್ನು ಮೊದಲೇ ಗೊತ್ತುಮಾಡಿ ಇಡುವದು ಉಳಿದವರ ಧರ್ಮ. ಓಡಿಹೋದ ಆಳಿನ ಬೆಲೆಗೆ ಹೊಣೆಗಾರರನ್ನು ಗೊತ್ತುಮಾಡಿದ್ದ ಪಟ್ಟಣವು, ಅರಸನ ಬಾಗಿಲಿಗೂ ಅಂಥದೇ ಒಂದು ಕಟ್ಟಳೆಯನ್ನು ಮಾಡಿದ್ದರೆ, ಆ ದಿನ ವೀಳ್ಯದ ತಟ್ಟೆಯು ಹೊಸ್ತಿಲ ಆಚೆಗೇ ನಿಲ್ಲುತ್ತಿತ್ತು.